‘ಕ್ರಾನಿಕ್’ ಎಂದರೆ ಕಾಯಿಲೆ ಕೈಮೀರಿದೆ ಎಂದರ್ಥವೇ?

ಪ್ರಶ್ನೆ: ನಮ್ಮ ತಂದೆಯವರ ಚೀಟಿಯಲ್ಲಿ ವೈದ್ಯರು ‘ಕ್ರಾನಿಕ್ ಕಿಡ್ನಿ ಡಿಸೀಸ್, ಸ್ಟೇಜ್ 2’ ಎಂದು ಬರೆದಿದ್ದಾರೆ. ಕ್ರಾನಿಕ್ ಎಂದರೆ ಕಾಯಿಲೆ ಕೈಮೀರಿದೆ ಎಂದು ನೆಂಟರು ಹೇಳುತ್ತಿದ್ದಾರೆ. ಈ ಪದದ ಸರಿಯಾದ ಅರ್ಥ ತಿಳಿಸುವಿರಾ?
— ಓದುಗರೊಬ್ಬರು, ಶಿರಸಿ

ಉತ್ತರ: ನೆಂಟರ ಮಾತಿಗೆ ದಯವಿಟ್ಟು ಎದೆಗುಂದಬೇಡಿ. ಕ್ರಾನಿಕ್ ಎಂಬ ವಿಶೇಷಣ ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಉಲ್ಬಣಿಸಿದೆ ಎಂಬುದನ್ನಲ್ಲ. ಕಾಲ ಎಂಬರ್ಥದ ಗ್ರೀಕ್ ಪದ ‘ಕ್ರೋನೊಸ್’ ಇದರ ಮೂಲ. ನಮ್ಮ ಆಯುರ್ವೇದದ ‘ಜೀರ್ಣಜ್ವರ’ದಲ್ಲಿರುವ (ಬಹುಕಾಲದಿಂದ ಉಳಿದ ಜ್ವರ) ‘ಜೀರ್ಣ’ವೂ ಬಹುಮಟ್ಟಿಗೆ ಇದೇ ಅರ್ಥದ್ದು. ಮೂತ್ರಪಿಂಡದ ತೊಂದರೆ 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದಾಗ, ವಯಸ್ಕರ ಕೆಮ್ಮು 8 ವಾರ ದಾಟಿದಾಗ ವೈದ್ಯರು ಈ ಪದವನ್ನು ಬಳಸುತ್ತಾರೆ.

ಇದಕ್ಕೆ ಎದುರಾದ ಪದ ‘ಅಕ್ಯೂಟ್’, ಅಂದರೆ ಹಠಾತ್ತಾಗಿ ಕಾಣಿಸಿಕೊಂಡದ್ದು. ಕನ್ನಡದಲ್ಲಿ ಅಕ್ಯೂಟನ್ನು ‘ತೀವ್ರ’ ಎಂದು ಅನುವಾದಿಸುವ ರೂಢಿ ಬೆಳೆದಿದ್ದು, ಗಂಭೀರ ಎಂಬರ್ಥದ ‘ಸಿವಿಯರ್’ ಎಂಬುದಕ್ಕೂ ನಾವು ಅದೇ ‘ತೀವ್ರ’ವನ್ನು ಬಳಸುವುದರಿಂದ, ಅವಧಿಯ ಮಾತು ಎಲ್ಲಿ ಮುಗಿಯಿತು, ಗಂಭೀರತೆಯ ಮಾತು ಎಲ್ಲಿ ಮೊದಲಾಯಿತು ಎಂಬುದೇ ಓದುಗರಿಗೆ ತಿಳಿಯದಂತಾಗಿದೆ. ಎರಡು ದಿನದ ಸಾಮಾನ್ಯ ನೆಗಡಿಯೂ ಅಕ್ಯೂಟ್ ಕಾಯಿಲೆಯೇ. ಅಕ್ಯೂಟಿಗೆ ‘ಹಠಾತ್’, ಕ್ರಾನಿಕ್ಕಿಗೆ ‘ದೀರ್ಘಕಾಲದ’ ಎಂದು ಬರೆದರೆ ಈ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಸ್ಪತ್ರೆಯ ಹೊರಗೂ ಈ ಪದಕ್ಕೆ ಬಳಕೆಯಿದೆ. ವರ್ಷಾನುಗಟ್ಟಲೆ ಕಾಡುವ ನೀರಿನ ಅಭಾವವನ್ನೂ, ಸುಳ್ಳು ಹೇಳುವ ಚಾಳಿ ಬಿಡದವರನ್ನೂ ಇಂಗ್ಲಿಷಿನಲ್ಲಿ ಕ್ರಾನಿಕ್ ಎನ್ನುತ್ತಾರೆ. ಒಳ್ಳೆಯ ಸಂಗತಿಗಳಿಗೆ ಇದನ್ನು ಹಚ್ಚುವುದಿಲ್ಲ. ಬ್ರಿಟನ್ನಿನ ಆಡುಮಾತಿನಲ್ಲಿ ‘ತೀರಾ ಕೆಟ್ಟದ್ದು’ ಎಂಬ ಅರ್ಥವೂ ಉಂಟು, ಆದರೆ ವೈದ್ಯರ ಚೀಟಿಗೂ ಆ ಅರ್ಥಕ್ಕೂ ಸಂಬಂಧವಿಲ್ಲ.

ನಿಮ್ಮ ತಂದೆಯವರ ವಿಷಯದಲ್ಲಿ ಗಂಭೀರತೆಯನ್ನು ಸೂಚಿಸುವುದು ‘ಸ್ಟೇಜ್ 2’ ಎಂಬ ಭಾಗ. ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಳೆಯುವ ಜಿಎಫ್‌ಆರ್ ಅಂಕ 60ರಿಂದ 89ರ ನಡುವೆ ಇದ್ದು, ಹಾನಿಯ ಬೇರೆ ಗುರುತುಗಳೂ ಕಂಡಾಗ ಅದು 2ನೇ ಹಂತ. ಅಂಕ 15ಕ್ಕಿಂತ ಕೆಳಗಿಳಿದರೆ ಕೊನೆಯದಾದ 5ನೇ ಹಂತ. ನಿಮ್ಮ ತಂದೆಯವರು ಆ ಹಂತದಿಂದ ದೂರವಿದ್ದಾರೆ. ಹಾಗೆಂದು ಅಲಕ್ಷ್ಯ ಮಾಡುವಂತಿಲ್ಲ: ರಕ್ತದೊತ್ತಡ ಮತ್ತು ಸಕ್ಕರೆ ಹತೋಟಿಯಲ್ಲಿರಬೇಕು, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು. ಮುಂದಿನ ಭೇಟಿಯಲ್ಲಿ ಜಿಎಫ್‌ಆರ್ ಎಷ್ಟಿದೆ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ, ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡಿಸಬೇಕು ಎಂದು ಕೇಳಿ ಬರೆದುಕೊಳ್ಳಿ.