ಸ್ಕ್ಯಾನ್‌ನಲ್ಲಿ ಕಾರಣ ತಿಳಿಯದ ಗಂಟು ಕಂಡಿದೆ, ಇನ್ನೊಬ್ಬ ವೈದ್ಯರಿಗೆ ತೋರಿಸಬೇಕೇ?

ಎದೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ 7 ಮಿ.ಮೀ. ಗಂಟು, ಅಲ್ಲಲ್ಲಿ ಮಸುಕು ಕಲೆ. ‘ಕಾರಣ ಹೇಳಲಾಗದು, ಆರು ತಿಂಗಳು ಬಿಟ್ಟು ನೋಡೋಣ’ ಎಂದರು ವೈದ್ಯರು. ಬೇರೆಯವರ ಬಳಿ ಹೋದರೆ ಅವರು ಬೇಸರಪಟ್ಟುಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ಹೋಗಿ. ಬೇಸರಪಟ್ಟುಕೊಂಡರೆ ಅದು ಅವರ ಪಾಡು. ಆದರೆ ನಾನು ಹೋದ ಹಾಗೆ ಹೋಗಬೇಡಿ.

ನಾನು ವೈದ್ಯನಲ್ಲ, ಇದೇ ದಾರಿ ತುಳಿದ ರೋಗಿ. ಎರಡು ಪುಟದ ವರದಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಶ್ವಾಸಕೋಶ ತಜ್ಞೆಯೊಬ್ಬರ ಮುಂದೆ ಕುಳಿತೆ. ಅವರು ಓದಿ ಬದಿಗಿಟ್ಟು, “ಇದು ಇನ್ನೊಬ್ಬರು ನೋಡಿ ಬರೆದದ್ದು. ನಾನು ನೋಡಲು ಏನು ತಂದಿದ್ದೀರಿ?” ಎಂದರು. ಮನೆಗೆ ಮರಳಿ ಸಿ.ಡಿ. ಹುಡುಕಬೇಕಾಯಿತು. ಸ್ಕ್ಯಾನ್ ಮಾಡಿದ ಕಡೆ ಕೇಳಿ ಚಿತ್ರಗಳನ್ನೇ ಪಡೆದುಕೊಳ್ಳಿ. ಫಿಲ್ಮ್ ಹಾಳೆ ಸಾಲದು, 1ರಿಂದ 1.5 ಮಿ.ಮೀ. ದಪ್ಪದ ತೆಳು ಪದರಗಳಿರುವ ಡಿಜಿಟಲ್ ಪ್ರತಿ ಬೇಕು.

ಎರಡನೇ ಭೇಟಿಯಲ್ಲಿ ಅವರು ಮೌಸ್ ಉರುಳಿಸುತ್ತಾ ಪದರದಿಂದ ಪದರಕ್ಕೆ ಇಳಿದರು. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ರಕ್ತನಾಳಗಳು ಕೊಂಬೆಗಳಂತೆ ಸಾಗುತ್ತಲೇ ಇದ್ದವು. ಒಂದು ಚುಕ್ಕೆ ಮಾತ್ರ ಕೆಲವು ಪದರಗಳಲ್ಲಿ ಮೂಡಿ ಮಾಯವಾಯಿತು. ಅದೇ ನನ್ನ ಗಂಟು. ಅಳೆದರು: 7. ಮತ್ತೊಮ್ಮೆ ಅಳೆದರು: 6. ಇಬ್ಬರು ಅಳೆದರೆ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಬರುವುದು ಮಾಮೂಲಂತೆ. ಹಾಗಾಗಿ ಮುಂದಿನ ವರದಿಯಲ್ಲಿ 8 ಎಂದಿದ್ದರೆ ‘ಬೆಳೆದುಬಿಟ್ಟಿತು’ ಎಂದು ರಾತ್ರಿಯಿಡೀ ಕೂರಬೇಡಿ. ಎರಡೂ ಸ್ಕ್ಯಾನ್‌ಗಳನ್ನು ಒಬ್ಬರೇ ಅಕ್ಕಪಕ್ಕ ಇಟ್ಟು ಅಳೆಯಲಿ. ಹಾಗೆ ಅಳೆದೂ ಹೆಚ್ಚಿದ್ದರೆ ಅದು ಸಣ್ಣ ಮಾತಲ್ಲ: ವ್ಯಾಸ ಕಾಲು ಭಾಗದಷ್ಟು ಹೆಚ್ಚಿದರೆ ಘನಗಾತ್ರ ಸುಮಾರು ಎರಡು ಪಟ್ಟಾಗಿರುತ್ತದೆ.

ನಂತರ ಅವರು ಕೇಳಿದ ಪ್ರಶ್ನೆಯನ್ನು ಮೊದಲ ವೈದ್ಯರು ಕೇಳಿರಲಿಲ್ಲ: “ಹಿಂದೆ ಯಾವಾಗಲಾದರೂ ಸ್ಕ್ಯಾನ್ ಆಗಿತ್ತೇ? ಹೊಟ್ಟೆಯದಾದರೂ ಸರಿ.” ಆರು ವರ್ಷಗಳ ಹಿಂದೆ ಮೂತ್ರಪಿಂಡದ ಕಲ್ಲಿಗೆಂದು ಒಂದಾಗಿತ್ತು. ಹೊಟ್ಟೆಯ ಸಿ.ಟಿ.ಯಲ್ಲಿ ಶ್ವಾಸಕೋಶದ ತಳಭಾಗವೂ ಸೆರೆಯಾಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ತಂದು ತೋರಿಸಿದೆ, ಆ ಚುಕ್ಕೆ ಅಲ್ಲೇ, ಅಷ್ಟೇ ಇತ್ತು. ಘನ ಗಂಟು, ಅಂದರೆ ಪೂರ್ತಿ ಬಿಳಿಯಾಗಿ ಕಾಣುವಂಥದ್ದು, ಎರಡು ವರ್ಷ ಬದಲಾಗದಿದ್ದರೇ ಸಾಮಾನ್ಯವಾಗಿ ನಿರಪಾಯಕಾರಿ ಎನ್ನುತ್ತಾರೆ. ಗಾಜಿಗೆ ಹಿಡಿದ ಮಂಜಿನಂತೆ ಕಾಣುವ ಮಸುಕು ಗಂಟಿನ ಕಥೆ ಬೇರೆ. ಅದು ನಿಧಾನವಾಗಿ ಬೆಳೆಯಬಲ್ಲದು, ಐದು ವರ್ಷಗಳವರೆಗೂ ಗಮನಿಸುತ್ತಾರೆ. ನಿಮ್ಮದು ಯಾವುದೆಂದು ತಪ್ಪದೆ ಕೇಳಿ.

ನನಗೂ ಮಸುಕು ಕಲೆಗಳಿದ್ದವು. ಸ್ಕ್ಯಾನ್‌ಗೆ ಮೂರು ವಾರ ಮೊದಲು ಜ್ವರ, ಕೆಮ್ಮು ಬಂದಿತ್ತು; ಮುಂದಿನ ಸ್ಕ್ಯಾನ್‌ನಲ್ಲಿ ಕಲೆಗಳಿರಲಿಲ್ಲ. ಎಲ್ಲರಿಗೂ ಹೀಗೆ ಕರಗುವುದಿಲ್ಲ. ಸೇವಿಸುವ ಮಾತ್ರೆಗಳನ್ನೆಲ್ಲ ಬರೆದುಕೊಂಡು ಹೋಗಿ. ಅಮಿಯೊಡರೋನ್, ಮೆಥೊಟ್ರೆಕ್ಸೇಟ್, ನೈಟ್ರೋಫ್ಯೂರಾಂಟೊಯಿನ್ ಶ್ವಾಸಕೋಶಕ್ಕೆ ತೊಂದರೆ ಕೊಡಬಲ್ಲವು. ಮನೆಯಲ್ಲಿ ಪಕ್ಷಿ ಸಾಕಿದ್ದರೆ, ಕೆಲಸದಲ್ಲಿ ಧೂಳು ಕುಡಿದಿದ್ದರೆ ಕೇಳುವ ಮೊದಲೇ ಹೇಳಿ.

‘ಆರು ತಿಂಗಳು ಕಾಯಿರಿ’ ಎಂದದ್ದನ್ನು ಮಾತ್ರ ಅಸಡ್ಡೆ ಎಂದುಕೊಳ್ಳಬೇಡಿ. ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿಯಲ್ಲಿ 6ರಿಂದ 8 ಮಿ.ಮೀ.ನ ಒಂಟಿ ಘನ ಗಂಟಿಗೆ 6ರಿಂದ 12 ತಿಂಗಳಲ್ಲಿ ಮರುಸ್ಕ್ಯಾನ್ ಎಂದೇ ಇದೆ. ಇದು 35 ದಾಟಿದ, ಹಿಂದೆ ಕ್ಯಾನ್ಸರ್ ಬಂದಿರದ, ರೋಗನಿರೋಧಕ ಶಕ್ತಿ ಕುಗ್ಗಿರದವರಿಗೆ. ನೀವು ಆ ಗುಂಪಿಗೆ ಸೇರದಿದ್ದರೆ ಲೆಕ್ಕ ಬೇರೆ. ಇಷ್ಟು ಚಿಕ್ಕದರಲ್ಲಿ ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್ ನೆಚ್ಚುವಂತಿಲ್ಲ, ಸೂಜಿ ಚುಚ್ಚಿ ಬಯಾಪ್ಸಿ ತೆಗೆದರೆ ಶ್ವಾಸಕೋಶದ ಸುತ್ತ ಗಾಳಿ ಸೋರುವ ಅಪಾಯವಿದೆ. ಆದರೆ ಕಫದಲ್ಲಿ ರಕ್ತ, ಹೆಚ್ಚುತ್ತಿರುವ ಉಬ್ಬಸ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಇವುಗಳಲ್ಲಿ ಒಂದಿದ್ದರೂ ಆರು ತಿಂಗಳ ಮಾತೇ ಬೇಡ, ಈಗಲೇ ಹೋಗಿ.

ಇಬ್ಬರ ಮಾತು ತಾಳೆಯಾಗದಿದ್ದರೆ ಮೂರನೆಯವರನ್ನು ಹುಡುಕುವ ಮುನ್ನ, ಶ್ವಾಸಕೋಶ ತಜ್ಞರೂ ರೇಡಿಯಾಲಜಿಸ್ಟರೂ ಒಟ್ಟಿಗೆ ಕುಳಿತು ಚಿತ್ರ ನೋಡುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ಸಿ.ಡಿ. ಒಪ್ಪಿಸುವ ಮೊದಲು ಒಂದು ಪ್ರತಿ ಮಾಡಿಟ್ಟುಕೊಳ್ಳಿ. ನನ್ನದು ಯಾರ ಮೇಜಿನ ಮೇಲೆ ಉಳಿಯಿತೋ, ಇಂದಿಗೂ ಸಿಕ್ಕಿಲ್ಲ.