‘ಹೇಗಿತ್ತಮ್ಮ?’ ಎಂದಳಲ್ಲ ನಿಮ್ಮ ಮಗಳು

(ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡು ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರಿಗೆ 62 ವರ್ಷ. ಒಬ್ಬಳೇ ಮಗಳು, 34 ವರ್ಷ, ಬೆಂಗಳೂರಿನಲ್ಲಿ ಕೆಲಸ. ಹಿಂದಿನ ಸಂಚಿಕೆಯಲ್ಲಿ, ತಾಯಿಯ ಹಿಡಿತದಿಂದ ಮಗಳೊಬ್ಬಳು ಹೊರಬರುವ ಕಥೆಯಿರುವ 1942ರ ಅಮೆರಿಕನ್ ಸಿನಿಮಾ ‘ನೌ, ವಾಯೇಜರ್’ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಮಗಳು ಹಬ್ಬಕ್ಕೆ ಮನೆಗೆ ಬಂದಾಗ ಆ ಸಿನಿಮಾವನ್ನು ಲ್ಯಾಪ್‌ಟಾಪಿನಲ್ಲಿ ಅಮ್ಮನಿಗೆ ತೋರಿಸಿದ್ದಾಳೆ. ಪತ್ರದ ಸಾರ: “ಹೆತ್ತವಳನ್ನು ರಾಕ್ಷಸಿ ಮಾಡಿದ ಸಿನಿಮಾವನ್ನು ಹೊಗಳಿದ್ದೀರಿ. ಗಂಡ ಹೋದ ಮೇಲೆ ಮಗಳು ಜೊತೆಗಿರಲಿ ಅನ್ನೋದು ತಪ್ಪಾ? ಕೊನೆಗೆ ಮಗಳ ಮಾತಿನಿಂದಲೇ ಆ ತಾಯಿ ಸಾಯುತ್ತಾಳೆ. ನಮ್ಮ ಮಕ್ಕಳು ಇದರಿಂದ ಏನು ಕಲಿಯಬೇಕು? ನನ್ನ ಮಗಳು ಇದನ್ನು ನನಗೆ ಯಾಕೆ ತೋರಿಸಿದಳು?”)

ಅಮ್ಮಾ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ನಿಮ್ಮ ಸಿಟ್ಟು ಕಾಣಿಸಿತು. ಎರಡನೇ ಸಲ ಭಯ ಕಾಣಿಸಿತು. ಹಾಗಾಗಿ ನಾಲ್ಕು ಸಾಲು ಬರೆದು ಮುಗಿಸುವ ಮನಸ್ಸಾಗಲಿಲ್ಲ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನದಲ್ಲಿ ಮಗಳು ಷಾರ್ಲಟ್ ಪಾತ್ರ ಮಾಡಿದ ಬೆಟ್ಟಿ ಡೇವಿಸ್ ಬಗ್ಗೆ ಒಂದಿಡೀ ಪುಟ ಬರೆದೆವು. ತಾಯಿ ಮಿಸೆಸ್ ವೇಲ್ ಪಾತ್ರದ ಗ್ಲ್ಯಾಡಿಸ್ ಕೂಪರ್ ಬಗ್ಗೆ ಬರೆದದ್ದು ಎರಡೇ ಸಾಲು. ಆ ವರ್ಷ ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಚಿತ್ರೀಕರಣದ ಹೊತ್ತಿಗೆ ಕೂಪರ್‌ಗೆ 53 ವರ್ಷ, ನಿಮಗಿಂತ ಚಿಕ್ಕವರು. ಬೆಟ್ಟಿಗೆ 34, ನಿಮ್ಮ ಮಗಳ ವಯಸ್ಸೇ. ತಾಯಿಯನ್ನು ಬರೀ ಮುದಿ ದೆವ್ವ ಮಾಡಿದ್ದರೆ ಆ ಸಿನಿಮಾ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ನೀವೂ ರಾತ್ರಿಯಿಡೀ ನಿದ್ದೆಗೆಡುತ್ತಿರಲಿಲ್ಲ.

ಆ ತಾಯಿ, ಮಗಳನ್ನು ನೋಡಲು ಬಂದ ಮನೋವೈದ್ಯ ಡಾಕ್ಟರ್ ಜಾಕ್ವಿತ್ ಹತ್ತಿರ ಹೇಳಿಕೊಳ್ಳುವುದು ನೆನಪಿದೆಯಾ? ಷಾರ್ಲಟ್ ತಡವಾಗಿ ಹುಟ್ಟಿದ ಮಗು. ಯಾವಾಗಲೂ ಹತ್ತಿರವೇ ಇಟ್ಟುಕೊಂಡೆ, ಅವಳಿಗೆ ತಿಳಿವಳಿಕೆ ಇಲ್ಲದಾಗ ತೀರ್ಮಾನವನ್ನೆಲ್ಲ ನಾನೇ ಮಾಡಿದೆ, ಎಲ್ಲವೂ ಸರಿಯಾದ ತೀರ್ಮಾನಗಳೇ ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ ಅಮ್ಮಾ. ಅದನ್ನು ಮನಸಾರೆ ನಂಬಿದ್ದಾಳೆ. ಹಾಗಾಗಿ ಮಗಳಿಗೆ ಜಗಳ ಆಡೋಕೂ ದಾರಿಯಿಲ್ಲ. ಕೆಟ್ಟವಳ ಜೊತೆ ಜಗಳ ಆಡಬಹುದು. ‘ನಿನ್ನ ಒಳ್ಳೇದಕ್ಕೇ’ ಅನ್ನುವವಳ ಜೊತೆ ಏನಂತ ಆಡುವುದು?

ಷಾರ್ಲಟ್‌ಗೆ ಆ ಮನೆಯಲ್ಲಿ ಏನಾಗಿತ್ತು ಅನ್ನುವುದನ್ನು ಸಿನಿಮಾ ದೊಡ್ಡ ಮಾತುಗಳಲ್ಲಿ ಹೇಳುವುದಿಲ್ಲ. ಮೊದಲು ಕಾಣುವುದು ಅವಳ ಮುಖವಲ್ಲ, ಕೈ. ಮಹಡಿಯ ಕೋಣೆಯಲ್ಲಿ ಕೂತು ದಂತದ ಪುಟ್ಟ ಪೆಟ್ಟಿಗೆ ಕೆತ್ತುತ್ತಿದ್ದಾಳೆ. ಆಮೇಲೆ ಕಾಲು. ದಪ್ಪ ಬೂಟು ಹಾಕಿಕೊಂಡು ಮೆಟ್ಟಿಲು ಇಳಿಯುತ್ತಾಳೆ. ಕೆಳಗೆ ತನ್ನ ಬಗ್ಗೆಯೇ ಮಾತು ನಡೆಯುತ್ತಿರುವುದು ಕೇಳಿಸಿ ಅಲ್ಲೇ ನಿಲ್ಲುತ್ತಾಳೆ. ಕೋಣೆಯಲ್ಲಿ ಪುಸ್ತಕಗಳ ಹಿಂದೆ ಸಿಗರೇಟು, ಅಮ್ಮ ಬೇಡ ಅಂದ ಪುಸ್ತಕಗಳು. ಮಧ್ಯವಯಸ್ಸಿಗೆ ಬಂದ ಹೆಂಗಸು ಸ್ಕೂಲ್ ಹುಡುಗಿಯ ಹಾಗೆ ಬಚ್ಚಿಟ್ಟುಕೊಂಡಿದ್ದಾಳೆ. ಡಾಕ್ಟರ್ ಬಂದವನೇ ಮೊದಲು ಔಷಧಿ ಬರೆದುಕೊಡುವುದಿಲ್ಲ. ಅವಳು ಕೆತ್ತಿದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ನೋಡುತ್ತಾನೆ, ಚೆನ್ನಾಗಿದೆ ಅನ್ನುತ್ತಾನೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದ ತಾಯಿ ಆ ಪೆಟ್ಟಿಗೆ ನೋಡಿ ಒಂದು ಒಳ್ಳೆ ಮಾತು ಆಡಿದ್ದನ್ನು ಸಿನಿಮಾದಲ್ಲಿ ಎಲ್ಲೂ ಕಾಣೆ.

ಹತ್ತಿರ ಇಟ್ಟುಕೊಂಡಿದ್ದು ಆ ತಾಯಿಯ ತಪ್ಪಲ್ಲ, ಅಷ್ಟು ಹತ್ತಿರವಿದ್ದೂ ನೋಡದೇ ಹೋದದ್ದು ತಪ್ಪು. ನಿಮ್ಮ ಮೊದಲ ಪ್ರಶ್ನೆಗೆ ಇದೇ ನನ್ನ ಉತ್ತರ. ಮಗಳು ಜೊತೆಗಿರಲಿ ಅನ್ನುವುದು ಖಂಡಿತ ತಪ್ಪಲ್ಲ.

ಆದರೆ ಪತ್ರದ ಮೂರನೇ ಪುಟದಲ್ಲಿ ನೀವೇ ಬರೆದ ಒಂದು ಸಂಗತಿ ಇದೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೀರಿ. ಮಗಳು ಎತ್ತದಿದ್ದರೆ ಪಕ್ಕದ ಫ್ಲ್ಯಾಟಿನವರಿಗೆ ಮಾಡಿ, ಮನೆಗೆ ಬಂದಳಾ, ಜೊತೆಗೆ ಯಾರಾದರೂ ಇದ್ದಾರಾ ಅಂತ ಕೇಳುತ್ತೀರಿ. ಇದು ಬೇಡ ಅಮ್ಮಾ. ನಿಮ್ಮ ಮನಸ್ಸಿಗೆ ನೋವಾಗಬಹುದು, ಆದರೂ ಹೇಳದೇ ಇರಲಾರೆ. ಆ ಪಕ್ಕದವರ ಎದುರು ನಿಮ್ಮ ಮಗಳು ದಿನಾ ಲಿಫ್ಟಿನಲ್ಲಿ ನಿಲ್ಲಬೇಕು.

ಇನ್ನು ಸಾವಿನ ವಿಷಯ. ಮಗಳ ಮಾತಿನಿಂದ ತಾಯಿ ಸತ್ತಳು ಎಂದಿರಿ. ಜಗಳದ ನಡುವೆಯೇ ಹೃದಯಾಘಾತ ಆಗುವುದು ನಿಜ. “ನನಗೆ ಹುಟ್ಟುವ ಆಸೆ ಇರಲಿಲ್ಲ, ನಿನಗೂ ನನ್ನನ್ನು ಹೆರುವ ಆಸೆ ಇರಲಿಲ್ಲ” ಅನ್ನುವ ಅರ್ಥದ ಮಾತು ಷಾರ್ಲಟ್ ಬಾಯಿಂದ ಬರುತ್ತದೆ. ಘೋರ ಮಾತು. ಆದರೆ ಸಿನಿಮಾ ಅದನ್ನು ಗೆಲುವು ಅಂತ ತೋರಿಸಿಲ್ಲ. ನಾನೇ ಕೊಂದೆ ಅಂದುಕೊಂಡು ಅವಳು ಮತ್ತೆ ಡಾಕ್ಟರ್ ಆಸ್ಪತ್ರೆಗೇ ಓಡುತ್ತಾಳೆ. ಹಡಗು ಹತ್ತಿ ರಿಯೋಗೆ ಹೋಗಿ, ಹೊಸ ಬಟ್ಟೆ ಹಾಕಿ, ಪ್ರೀತಿ ಮಾಡಿ ಬಂದವಳು ಒಂದೇ ಏಟಿಗೆ ಕುಸಿಯುತ್ತಾಳೆ. ಅಲ್ಲಿ ನನಗೆ ಪ್ರತಿ ಸಲ ಅಳು ಬರುತ್ತದೆ. ತಾಯಿ ಎಂಥವಳೇ ಆಗಿರಲಿ, ಮಗಳಿಗೆ ಅವಳು ಹೋದ ಮೇಲೆ ಬಿಡುಗಡೆ ಸಿಗುವುದಿಲ್ಲ ಅನ್ನುವುದನ್ನು ಈ ಕಥೆ ಬರೆದವರು ಬಲ್ಲರು. ಮೂಲ ಕಾದಂಬರಿಯ ಲೇಖಕಿ ಆಲಿವ್ ಹಿಗಿನ್ಸ್ ಪ್ರೌಟಿ ಸ್ವತಃ ಮಕ್ಕಳನ್ನು ಕಳೆದುಕೊಂಡ ತಾಯಿ. ಮನಸ್ಸು ಕುಸಿದು ಚಿಕಿತ್ಸೆ ಪಡೆದವರು. ತಾಯಂದಿರ ಮೇಲಿನ ದ್ವೇಷದಿಂದ ಅವರು ಇದನ್ನು ಬರೆದರು ಅಂತ ನನಗೆ ಅನ್ನಿಸುವುದಿಲ್ಲ.

ಷಾರ್ಲಟ್ ಗೆಲ್ಲುವ ಜಾಗ ಬೇರೆ ಇದೆ. ಅಲ್ಲಿ ಜಗಳವೇ ಇಲ್ಲ. ಪ್ರವಾಸ ಮುಗಿಸಿ ಅವಳು ಬೋಸ್ಟನ್ನಿನ ಅದೇ ಮನೆಗೆ ವಾಪಸ್ ಬರುತ್ತಾಳಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಓಡಿಹೋಗಬಹುದಿತ್ತು, ಹೋಗಲಿಲ್ಲ. ಅಮ್ಮ ಆಗಲೇ ಅವಳ ಕೋಣೆ ಬದಲಿಸಿದ್ದಾಳೆ, ಉಡಬೇಕಾದ ಹಳೇ ಬಟ್ಟೆ ತೆಗೆದಿಟ್ಟಿದ್ದಾಳೆ. ಷಾರ್ಲಟ್ ತನ್ನದೇ ಬಟ್ಟೆ ಹಾಕಿಕೊಳ್ಳುತ್ತಾಳೆ, ತನ್ನದೇ ಕೋಣೆಗೆ ಹೋಗುತ್ತಾಳೆ. ಆ ಸಂಜೆ ತಾಯಿ ಮೆಟ್ಟಿಲ ಮೇಲೆ ಬೀಳುತ್ತಾಳೆ. ಬೇಕಂತಲೇ ಬಿದ್ದಳು ಅಂತ ನನಗೆ ಅನುಮಾನ. ಹಾಸಿಗೆಯಲ್ಲಿ ಮಲಗಿ ಮಂಚದ ಕಂಬದ ಮೇಲೆ ಬೆರಳು ಬಡಿಯುತ್ತಾ ಕೊನೆಯ ಅಸ್ತ್ರ ತೆಗೆಯುತ್ತಾಳೆ: ದುಡ್ಡು ಕೊಡುವುದಿಲ್ಲ. ಷಾರ್ಲಟ್ ಕಿರುಚುವುದಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡಿಯಾದರೂ ಬದುಕುತ್ತೇನೆ ಅನ್ನುತ್ತಾಳೆ. ಆಮೇಲೆ ತನಗೇ ಆಶ್ಚರ್ಯ ಆದ ಹಾಗೆ ಮೆಲ್ಲಗೆ ಹೇಳುತ್ತಾಳೆ: “ನನಗೆ ಭಯ ಇಲ್ಲ ಅಮ್ಮ.” ಇನ್ನೊಂದು ಸಲ ಅದೇ ಮಾತು. ಬೆಟ್ಟಿ ಡೇವಿಸ್ ಕಣ್ಣು ಆಗ ನೋಡಬೇಕು. ತಾಯಿಗೆ ಅನ್ನುತ್ತಿಲ್ಲ, ಇಷ್ಟು ಹೊತ್ತಿಗೆ ತನಗೇ ಗೊತ್ತಾಗಿದೆ.

ಅದೇ ತಾಯಿ ಕೊನೆಗೂ ಆಸ್ತಿಯನ್ನು ಮಗಳಿಗೇ ಬಿಟ್ಟು ಹೋಗುತ್ತಾಳೆ. ಅದನ್ನೂ ನಾವು ಲೇಖನದಲ್ಲಿ ಬರೆಯಬೇಕಿತ್ತು.

ನನ್ನ ಅಮ್ಮನ ಒಂದು ವಿಷಯ ಹೇಳುತ್ತೇನೆ. ಮೊದಲ ಸಂಬಳದಲ್ಲಿ ನಾನೊಂದು ಕಪ್ಪು ಸೀರೆ ತಂದೆ. ಮನೆಗೆ ಕಪ್ಪು ಬೇಡ ಎಂದು ಅಮ್ಮ ಅದನ್ನು ಬೀರುವಿನ ಕೆಳಗಿನ ಖಾನೆಗೆ ಹಾಕಿದಳು. ಎರಡು ವಾರ ನಾವು ಸರಿಯಾಗಿ ಮಾತಾಡಲಿಲ್ಲ. ಆರು ತಿಂಗಳಾದ ಮೇಲೆ ಏನೋ ಹುಡುಕುವಾಗ ಆ ಸೀರೆ ಕೈಗೆ ಸಿಕ್ಕಿತು. ಫಾಲ್ ಹಚ್ಚಿಸಿ, ಪಿಕೋ ಮಾಡಿಸಿ, ಇಸ್ತ್ರಿ ಹಾಕಿಸಿ ಇಟ್ಟಿದ್ದಳು. ನನಗೆ ಹೇಳಿರಲಿಲ್ಲ. ಈಗ ಅವಳಿಲ್ಲ. ಸೀರೆ ಇದೆ. ಅವಳು ಅದನ್ನು ಕೈಗೆ ಕೊಟ್ಟು ‘ಉಟ್ಕೋ’ ಅಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮಗಳು ಯಾಕೆ ತೋರಿಸಿದಳು ಅಂತ ಕೇಳಿದಿರಿ. ನಿಮ್ಮನ್ನು ಚುಚ್ಚುವುದಕ್ಕೇ ಆಗಿದ್ದರೆ ಲಿಂಕ್ ಕಳಿಸಿ ಸುಮ್ನೆ ಇರಬಹುದಿತ್ತು. ಎರಡು ಗಂಟೆ ನಿಮ್ಮ ಪಕ್ಕದಲ್ಲಿ ಕೂತಳು. ಇಂಗ್ಲಿಷ್ ಅರ್ಥವಾಗದ ಕಡೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು ಅಂತ ನೀವೇ ಬರೆದಿದ್ದೀರಿ. ಮುಗಿದ ಮೇಲೆ “ಹೇಗಿತ್ತಮ್ಮ?” ಎಂದಳು. ನೀವು “ಹೂಂ, ಲೈಟ್ ಆರಿಸು” ಎಂದಿರಿ.

ಅವಳ ಪ್ರಶ್ನೆಗೆ ಇನ್ನೂ ಉತ್ತರ ಹೋಗಿಲ್ಲ. ನನಗೆ ನಾಲ್ಕು ಪುಟ ಬರೆದಿದ್ದೀರಿ. ಎರಡನೇ ಪುಟದಲ್ಲಿ, ಯಜಮಾನರು ಹೋದ ವರ್ಷ ನೀವು ಕದ ಹಾಕದೆ ಹೊಸ್ತಿಲ ಹತ್ತಿರ ಕೂತು ಅವಳ ಸ್ಕೂಟಿ ಶಬ್ದಕ್ಕೆ ಕಾಯುತ್ತಿದ್ದದ್ದು, ಗೇಟಿನ ಸದ್ದಾದ ಕೂಡಲೇ ಒಳಗೆ ಹೋಗಿ ನಿದ್ದೆ ಬಂದವರ ಹಾಗೆ ಮಲಗುತ್ತಿದ್ದದ್ದು ಇದೆ. ಅದು ಅವಳಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಪತ್ರದ ಆ ಪುಟವನ್ನು ಈ ಉತ್ತರದ ಜೊತೆ ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಇವತ್ತು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಾಗ ಅವಳು ಎತ್ತಿದರೆ, ಊಟ ಆಯ್ತಾ ಅಂತ ಕೇಳಿದ ಮೇಲೆ ಅದನ್ನು ಓದಿ ಹೇಳಿ.

ನಿಮ್ಮ,
ಸಂಪಾದಕಿ