ಮದುವೆಗೆ ಮೊದಲು ಮನೆ ನೋಡಲು ಬರುವ ವಿದೇಶಿ ಹುಡುಗಿಗೆ ಯಾವ ವೀಸಾ?

ನಿಮ್ಮ ಹುಡುಗಿ ಜರ್ಮನಿಯವಳು, ಎರಡು ತಿಂಗಳು ಶಿರಸಿಯಲ್ಲಿದ್ದು ಮನೆಯವರನ್ನು ಕಂಡುಹೋಗುತ್ತಾಳೆ, ‘ಫಿಯಾನ್ಸೆ ವೀಸಾ’ ಸಿಗುತ್ತದೆಯೇ ಅಂತ ಕೇಳಿದ್ದೀರಿ. ಇಲ್ಲ. ಅದು ಮದುವೆ ನಿಶ್ಚಯವಾದವರಿಗೆ ಅಮೆರಿಕ ಕೊಡುವ ಕೆ-1 ವೀಸಾ. ಅಲ್ಲಿ ಇಳಿದ 90 ದಿನದೊಳಗೆ ಮದುವೆ ಆಗಬೇಕು. ನಮ್ಮಲ್ಲಿ ಇ-ಟೂರಿಸ್ಟ್ ವೀಸಾ ಸಾಕು, ನೆಂಟರು ಸ್ನೇಹಿತರನ್ನು ಕಾಣಲು ಬರುವವರಿಗೂ ಅದೇ. ಆದರೆ 30 ದಿನದ್ದು ಬೇಡ, ಒಂದು ವರ್ಷದ್ದು ತೆಗೆಸಿ. ಅರ್ಜಿ ಹಾಕುವ ಜಾಲತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಅಂತ ಮುಗಿಯಬೇಕು. ಅದೇ ರೂಪದ ಖಾಸಗಿ ತಾಣಗಳು ದುಡ್ಡು ಕೀಳುತ್ತವೆ.

ನಾವು 30 ದಿನದ್ದು ತೆಗೆದು ಪೇಚಿಗೆ ಸಿಕ್ಕಿದೆವು. ನಾನು ಕುಮಟಾದವನು, ಹೆಂಡತಿ ನೆದರ್‌ಲೆಂಡ್ಸಿನವಳು. ಅವಳು ಬಂದ ಮೂರನೇ ವಾರ ಅಪ್ಪ, ಅಲ್ಲಿವರೆಗೆ ಮುಖ ಗಂಟಿಕ್ಕಿಕೊಂಡಿದ್ದವರು, “ಹ್ಯಾಂಗೂ ಬಂದಾಳೆ, ರಿಜಿಸ್ಟರ್ ಮಾಡಿ ಮುಗಿಸಿಬಿಡಿ” ಅಂದರು. 1954ರ ವಿಶೇಷ ವಿವಾಹ ಕಾಯ್ದೆಗೆ ಅಪ್ಪನ ಅವಸರ ಗೊತ್ತಿರುವುದಿಲ್ಲವಲ್ಲ! ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ಅದು ನನ್ನಿಂದಲೇ ಆಯಿತು. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. ವೀಸಾದಲ್ಲಿ ಉಳಿದದ್ದು ಒಂಬತ್ತೇ ದಿನ. ಅವಳು ವಾಪಸ್ ಹೋಗಿ ಮತ್ತೆ ಬಂದಳು, ಎರಡನೇ ವಿಮಾನದ ಖರ್ಚು ನನ್ನ ತಲೆಗೆ. ನಿಮ್ಮಲ್ಲೂ ಯಾರಿಗಾದರೂ ಇದ್ದಕ್ಕಿದ್ದಂತೆ ಮನಸ್ಸು ಬದಲಾದೀತು, ಅವಳು ಅವಿವಾಹಿತೆ ಎಂಬ ಪತ್ರವನ್ನು ಅವಳ ಊರಿಂದಲೇ ಮಾಡಿಸಿ ತರಲಿ.

ಇನ್ನೊಂದು ಯಾರೂ ಹೇಳುವುದಿಲ್ಲ. ಮದುವೆಗೆ ಮೊದಲೇ ನಮ್ಮನೆಯಲ್ಲಿ ಇಟ್ಟುಕೊಂಡರೆ ಜನ ಏನಂದಾರು ಅಂತ ಆಯಿ ಅವಳನ್ನು ನನ್ನ ಸೋದರತ್ತೆಯ ಮನೆಗೆ ಕಳಿಸಿದರು. ವಿದೇಶಿಯರು ಲಾಡ್ಜಲ್ಲಿರಲಿ, ಯಾರದೋ ಮನೆಯ ಅಟ್ಟದಲ್ಲಿರಲಿ, 24 ಗಂಟೆಯೊಳಗೆ ಆ ಮನೆಯವರೇ ಆನ್‌ಲೈನಲ್ಲಿ ತಿಳಿಸಬೇಕು, ಸಿ-ಫಾರ್ಮ್ ಅಂತಾರಲ್ಲ, ಅದು. ನಮಗೆ ಗೊತ್ತಿರಲಿಲ್ಲ. ನಾಲ್ಕನೇ ದಿನ ಪೊಲೀಸರು ಅಂಗಳಕ್ಕೆ ಬಂದಾಗ ಅತ್ತೆಗೆ ಬೆವರಿಳಿಯಿತು. ಚಾ ಕುಡಿಸಿ, ಫಾರ್ಮ್ ತುಂಬಿ, ಬಚಾವಾದೆವು.

ಇಳಿಯಲು ಗೋವಾ ಒಳ್ಳೆಯದು, ಅಲ್ಲಿನ ದಾಬೋಳಿ ಮತ್ತು ಮೋಪಾ ಎರಡೂ ವಿಮಾನ ನಿಲ್ದಾಣಗಳಲ್ಲಿ ಇ-ವೀಸಾ ನಡೆಯುತ್ತದೆ. ರೈಲಲ್ಲಿ ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ. ಕಾರವಾರದಲ್ಲಿ ನೌಕಾನೆಲೆಯ ಕಡೆಗೆ ಕ್ಯಾಮರಾ ಹಿಡಿಯಬೇಡ ಅಂತ ಮೊದಲೇ ಹೇಳಿಡಿ. ಚಾರಣದ ಸ್ಯಾಟಲೈಟ್ ಫೋನ್ ಇದ್ದರೆ ಜರ್ಮನಿಯಲ್ಲೇ ಬಿಟ್ಟುಬರಲಿ, ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಕೇಸು.